ಗುಡ್ಡ ಹತ್ತುವಾಗ ಚೀಲದ ಭಾರ

ವಿಮಾನದ ಲಗೇಜು ತೂಗುವ ಕೊಕ್ಕೆ ತಕ್ಕಡಿ ಹೊರದೇಶದಲ್ಲಿರುವ ನಮ್ಮವರೆಲ್ಲರ ಮನೆಯಲ್ಲೂ ಒಂದು ಇರುತ್ತದೆ. ಊರಿಂದ ಬರುವಾಗ ಹಪ್ಪಳ, ಸಾರಿನಪುಡಿ ತೂಗಿದ ಅದೇ ತಕ್ಕಡಿಗೆ ಆ ಶುಕ್ರವಾರ ನಾನು ಸೈಕಲ್ಲಿನ ಎರಡು ಚೀಲ ನೇತುಹಾಕಿದೆ. 11 ಕಿಲೋ ಬಂತು. ಗುಡ್ಡದ ದಾರಿಗೆ ಇದು ಜಾಸ್ತಿ. ಒಂದು ಜೊತೆ ಚಪ್ಪಲಿ ತೆಗೆದೆ. ಸ್ವೆಟರ್ ತೆಗೆದೆ, ಮತ್ತೆ ಹಾಕಿದೆ. ಪುಸ್ತಕ ತೆಗೆದೆ. ಕೊನೆಗೆ 9 ಕಿಲೋಗೆ ನಿಂತಿತು. ಅದರಲ್ಲಿ ಕಾಲು ಕಿಲೋ ಆಯಿ ಹಾಕಿಕೊಟ್ಟ ಅಪ್ಪೆಮಿಡಿ, ಸಣ್ಣ ಸ್ಟೀಲ್ ಡಬ್ಬಿಯಲ್ಲಿ. ಅದನ್ನು ತೆಗೆಯುವ ಯೋಚನೆಯೇ ಬರಲಿಲ್ಲ.

"ಒಬ್ಳೇ ಹೋಪ್ದನೇ ಕೂಸೆ?" ಎಂದು ಆಯಿ ಹೊನ್ನಾವರದ ಮನೆಯಿಂದ ಫೋನಿನಲ್ಲಿ ಕೇಳಿದಳು. ಹೌದು ಎಂದೆ. ಒಬ್ಬಳೇ ಹೋದರೆ ಬೇಕಾದಲ್ಲಿ ನಿಲ್ಲಬಹುದು, ಯಾರೂ ಕಾಯುತ್ತಿರುವುದಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ. ಸಮುದ್ರದ ಪಕ್ಕದ ದಾರಿ, ಊರು ಸಿಗುತ್ತಲೇ ಇರುತ್ತದೆ ಎಂದೆ. ಅದೂ ನಿಜವೇ.

ತುಲೂಸ್‌ನಿಂದ ಸಂಜೆಯ ರೈಲಿಗೆ ಸೈಕಲ್ ಹತ್ತಿಸಿ, ನಾರ್ಬೋನ್, ಪೆರ್ಪಿನ್ಯಾನ್ ದಾಟಿ ಆರ್ಜೆಲೆಸ್ ಎಂಬ ಊರಲ್ಲಿ ಇಳಿದೆ. ಫ್ರಾನ್ಸಿನ ಮೆಡಿಟರೇನಿಯನ್ ಕರಾವಳಿಯ ದಕ್ಷಿಣದ ತುದಿ ಇದು. ಇಲ್ಲಿಂದ ಸ್ಪೇನಿನ ಯಾನ್ಸಾ ಎಂಬ ಮೀನುಗಾರರ ಊರಿಗೆ ಕರಾವಳಿ ಹಿಡಿದು ಹೋದರೆ 45 ಕಿಲೋಮೀಟರಿನ ಆಸುಪಾಸು. ಸೈಕಲ್ಲಿನವರಿಗೆ ಇದೇನೂ ದೊಡ್ಡ ದೂರವಲ್ಲ. ಆದರೆ ಪಿರನೀಸ್ ಬೆಟ್ಟಸಾಲು ಸಮುದ್ರಕ್ಕೆ ಬಂದು ಮುಗಿಯುವುದು ಇಲ್ಲೇ. ಹಾಗಾಗಿ ಹಾದಿಯುದ್ದಕ್ಕೂ ಹತ್ತು, ಇಳಿ, ಮತ್ತೆ ಹತ್ತು.

ಸೆಪ್ಟೆಂಬರ್ ಕೊನೆಯ ಶನಿವಾರ. ಬೆಳಿಗ್ಗೆ ಏಳಕ್ಕೆಲ್ಲ ಆರ್ಜೆಲೆಸ್‌ನ ಮರಳದಂಡೆಗೆ ಹೋದೆ. ಅಗಲವಾದ, ಚಪ್ಪಟೆಯಾದ ದಂಡೆ. ಬೇಸಿಗೆಯ ಜನ ಖಾಲಿಯಾಗಿದ್ದರು. ಒಬ್ಬರು ನಾಯಿ ಜೊತೆ ನಡೆಯುತ್ತಿದ್ದರು, ಅಷ್ಟೇ. ಸೈಕಲ್ಲನ್ನು ಒಂದು ಬೆಂಚಿಗೆ ಒರಗಿಸಿ ಸುಮ್ನೆ ಕೂತೆ.

1939ರ ಫೆಬ್ರುವರಿಯಲ್ಲಿ ಈ ಮರಳಿನ ಮೇಲೆ ಹತ್ತಾರು ಸಾವಿರ ಜನ ಇದ್ದರು. ಸ್ಪೇನಿನ ಅಂತರ್ಯುದ್ಧದಲ್ಲಿ, ಸರ್ಕಾರದ ವಿರುದ್ಧ ದಂಗೆಯೆದ್ದ ಜನರಲ್ ಫ್ರಾಂಕೋನ ಸೈನ್ಯ ಜನವರಿ 26ಕ್ಕೆ ಬಾರ್ಸಿಲೋನಾ ಹಿಡಿಯಿತು. ಕೆಲವೇ ವಾರಗಳಲ್ಲಿ 4.5 ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಫ್ರಾನ್ಸಿಗೆ ಬಂದರು. ಅವರಲ್ಲಿ ತುಂಬಾ ಜನರನ್ನು ತಂದು ಇಲ್ಲಿ ಬಿಟ್ಟರು. ಮೊದಮೊದಲು ಸೂರು ಎಂಬುದೇ ಇರಲಿಲ್ಲ. ಸುತ್ತ ಮುಳ್ಳುತಂತಿ, ಎದುರಿಗೆ ಸಮುದ್ರ. ಚಳಿ ತಡೆಯಲು ಜನ ಮರಳಿನಲ್ಲೇ ಗುಂಡಿ ತೋಡಿ ಮಲಗಿದರು. ಇಲ್ಲಿ ತ್ರಾಮೊಂತಾನ್ ಎಂಬ ಗಾಳಿಯಿದೆ. ವಾಯವ್ಯದಿಂದ ಬೀಸುವ, ಮೈ ಕೊರೆಯುವ ಗಾಳಿ. ಅವತ್ತು ಬೆಳಿಗ್ಗೆಯೂ ಇತ್ತು. ಕೂತ ಅರ್ಧ ಗಂಟೆಯಲ್ಲೇ ಬಾಯಿಯಲ್ಲಿ ಮರಳು ಕರಕರ ಅಂದಿತು. ಅದೂ ಸೆಪ್ಟೆಂಬರಿನಲ್ಲಿ, ಜಾಕೆಟ್ ಹಾಕಿಕೊಂಡು, ಹೊಟ್ಟೆ ತುಂಬಿದವಳಿಗೆ.

ಅವರು ಬಂದ ದಾರಿಯಲ್ಲೇ ನಾನು ಉಲ್ಟಾ ಹೋಗುತ್ತಿದ್ದೇನೆ ಎಂಬುದು ನನಗೆ ಹೊಳೆದದ್ದು ಅಲ್ಲೇ. ಅವರು ಕೊನೆಗೆ ಮುಟ್ಟಿದ ಜಾಗದಿಂದ ನನ್ನ ದಿನ ಶುರು.

ಚಪ್ಪಟೆ ನೆಲ ಮುಗಿದು ಬಂಡೆ ಶುರುವಾಗುತ್ತದೆ, ಮೊದಲ ಏರು ಬರುತ್ತದೆ, ಅದನ್ನು ಇಳಿದರೆ ಕೊಲ್ಯೂರ್. ಈ ಊರಿನ ಬಗ್ಗೆ ಹೇಳುವುದಕ್ಕೆ ಬೇಕಾದಷ್ಟಿದೆ. 1905ರ ಬೇಸಿಗೆಯಲ್ಲಿ ಮಾತೀಸ್ ಮತ್ತು ದೆರೇನ್ ಎಂಬ ಇಬ್ಬರು ಚಿತ್ರಕಾರರು ಇಲ್ಲಿ ಕೂತು ಬಣ್ಣವನ್ನು ಅದುವರೆಗೆ ಯಾರೂ ಬಳಸದ ಹಾಗೆ ಬಳಸಿದರು. ನೀರಿಗೆ ತಾಗಿಕೊಂಡು ಚರ್ಚು ಇದೆ, ಕೋಟೆ ಇದೆ, ಉಪ್ಪು ಹಾಕಿದ ಆಂಚೋವಿ ಮೀನಿನ ಅಂಗಡಿಗಳಿವೆ. ಬಂದವರೆಲ್ಲ ಫೋಟೋ ತೆಗೆಯುತ್ತಿದ್ದರು. ನಾನು ಸೀದಾ ಸ್ಮಶಾನಕ್ಕೆ ಹೋದೆ.

ಸ್ಮಶಾನ ಊರ ನಡುವೆಯೇ ಇದೆ. ಒಳಗೆ ಹೋದ ಕೂಡಲೇ ಆಂತೋನಿಯೊ ಮಚಾದೊ ಅವರ ಸಮಾಧಿ. ಸ್ಪೇನಿನ ದೊಡ್ಡ ಕವಿ. 1939ರ ಜನವರಿ ಕೊನೆಯಲ್ಲಿ, ಮಳೆ ಮತ್ತು ಚಳಿಯಲ್ಲಿ, ಜನಸಾಗರದ ನಡುವೆ ಗಡಿ ದಾಟಿ ಬಂದರು. ಆಗ ಅವರಿಗೆ 63 ವರ್ಷ. ಜೊತೆಗೆ ಎಂಬತ್ತು ದಾಟಿದ ತಾಯಿ ಆನಾ ರುಯಿಸ್, ತಮ್ಮ ಹೊಸೆ ಮತ್ತು ತಮ್ಮನ ಹೆಂಡತಿ. ಗಡಿಯ ಹತ್ತಿರ ವಾಹನ ಮುಂದೆ ಹೋಗಲಾರದೆ ಇಳಿದು ನಡೆಯಬೇಕಾಯಿತು. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟರು. ಅದರಲ್ಲಿ ಅವರ ಕಾಗದಪತ್ರಗಳಿದ್ದವು. ಅದು ಮತ್ತೆ ಸಿಗಲಿಲ್ಲ. ಮೊದಲ ರಾತ್ರಿ ಗಡಿಯ ಊರಾದ ಸೆರ್ಬೇರ್‌ನ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲುಡಬ್ಬಿಯಲ್ಲಿ ಕಳೆದರು. ಮರುದಿನ ಕೊಲ್ಯೂರ್ ಸೇರಿ ಒಂದು ಸಣ್ಣ ಹೋಟೆಲಿನಲ್ಲಿ ಉಳಿದರು. ಫೆಬ್ರುವರಿ 22ಕ್ಕೆ ತೀರಿಕೊಂಡರು. ಮೂರು ದಿನದ ಮೇಲೆ ತಾಯಿಯೂ ಹೋದರು. ಬುದ್ಧಿ ಮಂಕಾಗಿದ್ದ ಆ ಮುದುಕಿ ದಾರಿಯಲ್ಲಿ, "ಸೆವಿಲ್ಯಾ ಬೇಗ ಸಿಗುತ್ತಾ?" ಎಂದು ಕೇಳಿದರಂತೆ. ಸೆವಿಲ್ಯಾ ಅವರ ಊರು. ಇಡೀ ಸ್ಪೇನು ದಾಟಿ ಆಚೆ ತುದಿಯಲ್ಲಿದೆ ಅದು.

ಸಮಾಧಿಯ ಪಕ್ಕದಲ್ಲಿ ಒಂದು ಅಂಚೆಪೆಟ್ಟಿಗೆ ಇದೆ. ಮಚಾದೊ ಅವರಿಗೆ ಬರೆದ ಕಾಗದಗಳನ್ನು ಜನ ಅದರಲ್ಲಿ ಹಾಕುತ್ತಾರೆ. ಕಲ್ಲಿನ ಮೇಲೂ ಚೀಟಿಗಳಿದ್ದವು. ಗಾಳಿಗೆ ಹಾರದಂತೆ ಪ್ರತಿಯೊಂದರ ಮೇಲೂ ಒಂದೊಂದು ಬೆಣಚುಕಲ್ಲು. ಒಂದು ಚೀಟಿ ಶಾಲೆಯ ಮಕ್ಕಳದ್ದು, ಗೆರೆ ಹಾಕಿದ ನೋಟುಬುಕ್ಕಿನ ಹಾಳೆ. ಸ್ಪ್ಯಾನಿಷ್ ನನಗೆ ಅಷ್ಟಾಗಿ ಬರುವುದಿಲ್ಲ. ಕೊನೆಯಲ್ಲಿದ್ದ ಸಾಲು ಸಾಲು ಸಹಿಗಳನ್ನು ಮಾತ್ರ ಓದಿದೆ. ತಮ್ಮ ಹೊಸೆಗೆ ಅಣ್ಣನ ಕೋಟಿನ ಜೇಬಿನಲ್ಲಿ ಒಂದು ಚೂರು ಕಾಗದ ಸಿಕ್ಕಿತ್ತು. ಅದರಲ್ಲಿ ನೀಲಿ ದಿನಗಳ ಬಗ್ಗೆ, ಬಾಲ್ಯದ ಬಿಸಿಲಿನ ಬಗ್ಗೆ ಒಂದು ಸಾಲಿತ್ತು. ಪೆಟ್ಟಿಗೆ ಹೋಯಿತು, ಜೇಬಿನಲ್ಲಿದ್ದದ್ದು ಉಳಿಯಿತು.

ನನ್ನ ಬಳಿ ಪೆನ್ನು ಇತ್ತು. ತುಂಬಾ ಹೊತ್ತು ಯೋಚಿಸಿ ಕನ್ನಡದಲ್ಲಿ ಎರಡು ಸಾಲು ಬರೆದು ಪೆಟ್ಟಿಗೆಗೆ ಹಾಕಿದೆ. ಆ ಭಾಷೆ ಓದುವವರು ಅಲ್ಲಿ ಸಿಗಲಿಕ್ಕಿಲ್ಲ. ಪರವಾಗಿಲ್ಲ, ಮಚಾದೊ ಅವರಿಗೆ ಅಂತಲೇ ಬರೆದದ್ದು.

ಪೋರ್ ವಾಂದ್ರ್ ಬಂದರನ್ನು ನಿಲ್ಲದೆ ದಾಟಿದೆ. ಆಮೇಲೆ ಒಂದು ಏರು, ಒಂದು ಇಳಿತ, ಪೊಲೀಯ್ ಎಂಬ ಕೊಲ್ಲಿ. 1870ರಿಂದ 1984ರವರೆಗೆ ಇಲ್ಲಿ ನೊಬೆಲ್‌ನ ಡೈನಮೈಟ್ ಕಾರ್ಖಾನೆ ಇತ್ತು ಎಂದರೆ ಈಗ ನಂಬಲಾಗುವುದಿಲ್ಲ. ಅಷ್ಟು ತಣ್ಣಗಿನ ಜಾಗ. ಮಕ್ಕಳು ನೀರಾಟ ಆಡುತ್ತಿದ್ದರು.

ಅಲ್ಲಿಂದ ಮುಂದೆ ಎಡಕ್ಕೆ ಸಮುದ್ರ, ಬಲಕ್ಕೆ ದ್ರಾಕ್ಷಿ. ಬೆಟ್ಟವನ್ನು ಪೂರ್ತಿ ಮೆಟ್ಟಿಲು ಮೆಟ್ಟಿಲಾಗಿ ಕಡಿದು ದ್ರಾಕ್ಷಿ ಹಾಕಿದ್ದಾರೆ. ಹೆಸರಾದ ಬನ್ಯೂಲ್ಸ್ ಸಿಹಿ ವೈನ್ ಇದರದ್ದೇ. ಕೊಯ್ಲಿನ ಕಾಲ. ಇಷ್ಟು ಕಡಿದಾದ ಜಾಗಕ್ಕೆ ಯಂತ್ರ ಬರುವುದಿಲ್ಲ, ಕೈಯಲ್ಲೇ ಕೊಯ್ಯಬೇಕು. ಬಗ್ಗಿದ ಬೆನ್ನುಗಳು ಅಲ್ಲಲ್ಲಿ ಕಾಣುತ್ತಿದ್ದವು.

ಒಂದು ತಿರುವಿನಲ್ಲಿ ಸೈಕಲ್ ಇಳಿದು ಗೋಡೆಯ ಹತ್ತಿರ ಹೋದೆ. ಗಾರೆ ಇಲ್ಲ, ಸಿಮೆಂಟ್ ಇಲ್ಲ. ಕಂದು ಬಣ್ಣದ ಹಲಗೆಯಂಥ ಕಲ್ಲನ್ನು ಒಂದರ ಮೇಲೊಂದು ಕೂರಿಸಿ ಕಟ್ಟಿದ್ದು. ನಮ್ಮ ಕಡೆಯ ಪಾಗಾರದ ಹಾಗೇ, ಕಲ್ಲು ಮಾತ್ರ ಬೇರೆ. ಸಂದಿಗೆ ಬೆರಳು ತೂರಿಸಿದರೆ ಒಳಗೆ ತಂಪು. ನೀರು ಹೊರಬರಲಿ ಎಂದೇ ಗಾರೆ ಹಾಕುವುದಿಲ್ಲ. ಗಾರೆ ಹಾಕಿದ್ದರೆ ಮೊದಲ ದೊಡ್ಡ ಮಳೆಗೇ ಮಣ್ಣಿನ ಒತ್ತಡಕ್ಕೆ ಗೋಡೆ ಉಬ್ಬಿ ಬಿದ್ದುಹೋಗುತ್ತದೆ. ಗೋಡೆಗಳ ನಡುವೆ ಓರೆಯಾಗಿ ಕಲ್ಲು ಹಾಸಿದ ಕಾಲುವೆಗಳು. ಎರಡು ಬದಿಯಿಂದ ಬಂದು ನಡುವಿನ ಕಾಲುವೆಗೆ ಸೇರುತ್ತವೆ. ದೂರದಿಂದ ನೋಡಿದರೆ ಕೋಳಿ ಹೆಜ್ಜೆಯ ಗುರುತು. ಅವರ ಕತಲಾನ್ ಭಾಷೆಯಲ್ಲೂ ಇದರ ಹೆಸರು ಹುಂಜದ ಕಾಲು ಎಂದೇ. ವರ್ಷವಿಡೀ ಒಣಗಿದ ಊರು, ಶರತ್ಕಾಲದಲ್ಲಿ ಒಂದೇ ದಿನ ಧೋ ಎಂದು ಸುರಿದುಬಿಡುತ್ತದೆ. ಆ ಒಂದು ದಿನಕ್ಕಾಗಿ ಇಡೀ ಬೆಟ್ಟಕ್ಕೆ ಹೀಗೆ ದಾರಿ ಮಾಡಿದ್ದಾರೆ.

ಅಡಿಕೆ ತೋಟದಲ್ಲಿ ಬೆಳೆದವಳಿಗೆ ಬಸಿಗಾಲುವೆ ಕಂಡರೆ ನಿಂತು ನೋಡದೆ ಇರಲಾಗುವುದಿಲ್ಲ. ಮಳೆಗಾಲಕ್ಕೆ ಮೊದಲು ಅಪ್ಪಯ್ಯ ಗುದ್ದಲಿ ಹಿಡಿದು ಕಾಲುವೆ ಬಿಡಿಸುವುದು ನೆನಪಾಯಿತು. ಇಲ್ಲಿ ಒಂದು ಕಾಲುವೆಯಲ್ಲಿ ಕಲ್ಲು ಜಾರಿ ಅಡ್ಡ ಬಿದ್ದಿತ್ತು. ಎತ್ತಿ ಪಕ್ಕಕ್ಕಿಟ್ಟೆ. ಮೇಲಿನ ಸಾಲಿನಲ್ಲಿ ಕೊಯ್ಯುತ್ತಿದ್ದ ಹೆಂಗಸು ಅದನ್ನು ನೋಡಿ ಕೈ ಎತ್ತಿದಳು. ನಾನೂ ಕೈ ಎತ್ತಿದೆ.

ಬನ್ಯೂಲ್ಸ್‌ನಲ್ಲಿ ಮಧ್ಯಾಹ್ನ. ಅಂಗಡಿಯಿಂದ ಬ್ರೆಡ್ಡು, ಟೊಮೇಟೊ ತಂದು ದಂಡೆಯ ಮೇಲೆ ಕೂತೆ. ಬ್ರೆಡ್ಡನ್ನು ಸೀಳಿ, ಅಪ್ಪೆಮಿಡಿಯ ರಸ ಸವರಿ, ಟೊಮೇಟೊ ಇಟ್ಟು ತಿಂದೆ. ಜೀರಿಗೆ ಮಿಡಿಯ ಘಮಲು ಆ ಸಮುದ್ರದ ಗಾಳಿಯಲ್ಲಿ! ಕಾಲು ಕಿಲೋ ಹೊತ್ತು ತಂದದ್ದಕ್ಕೆ ಒಂದು ಚೂರೂ ಬೇಸರವಿಲ್ಲ.

ಇದೇ ಊರಿಂದ 1940ರ ಸೆಪ್ಟೆಂಬರ್ ಕೊನೆಯಲ್ಲಿ ಇನ್ನೊಬ್ಬರು ಹೊರಟಿದ್ದರು. ಈ ಸಲ ಉಲ್ಟಾ ದಿಕ್ಕಿಗೆ, ಫ್ರಾನ್ಸಿನಿಂದ ಸ್ಪೇನಿಗೆ. ಎರಡು ವರ್ಷವೂ ಆಗಿರಲಿಲ್ಲ, ಅಷ್ಟರಲ್ಲಿ ಜನ ಓಡುವ ದಿಕ್ಕು ಬದಲಾಗಿತ್ತು. ಫ್ರಾನ್ಸ್ ಹಿಟ್ಲರನಿಗೆ ಸೋತಿತ್ತು. ವಾಲ್ಟರ್ ಬೆನ್ಯಾಮಿನ್ ಜರ್ಮನಿಯ ಯಹೂದಿ, ಚಿಂತಕ, 48 ವರ್ಷ, ಹೃದಯದ ಕಾಯಿಲೆ. ಬನ್ಯೂಲ್ಸ್‌ನ ಮೇಯರ್ ಗುಟ್ಟಾಗಿ ಹೇಳಿಕೊಟ್ಟ ಬೆಟ್ಟದ ದಾರಿ. ಅದರಲ್ಲಿ ಕರೆದೊಯ್ದವರು ಲೀಸಾ ಫಿಟ್ಕೊ ಎಂಬ ಹೆಣ್ಣುಮಗಳು. ಅವರೂ ಜರ್ಮನಿಯಿಂದ ತಪ್ಪಿಸಿಕೊಂಡು ಬಂದವರೇ. ಬೆನ್ಯಾಮಿನ್ ಕೈಯಲ್ಲಿ ಒಂದು ಭಾರದ ಕಪ್ಪು ಚೀಲ. ಅದರಲ್ಲಿ ಹಸ್ತಪ್ರತಿ ಇದೆ, ನನ್ನ ಜೀವಕ್ಕಿಂತ ಅದು ಮುಖ್ಯ ಎಂದು ಹೇಳಿದ್ದರಂತೆ. ಲೀಸಾ ಮುಂದೆ ನೆನಪಿಸಿಕೊಂಡ ಒಂದು ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆತ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ನಡೆಯುತ್ತಿದ್ದರು, ಒಂದು ನಿಮಿಷ ನಿಲ್ಲುತ್ತಿದ್ದರು. ಸುಸ್ತಾದ ಮೇಲೆ ನಿಲ್ಲುವುದಲ್ಲ, ಸುಸ್ತಾಗುವ ಮೊದಲೇ ನಿಲ್ಲುವುದು.

ಅವರ ಕಾಲುದಾರಿ ಬೆಟ್ಟದ ಮೇಲಿನದ್ದು, ಸೈಕಲ್ಲಿಗೆ ಆಗುವುದಿಲ್ಲ. ನಾನು ಕೆಳಗಿನ ಟಾರು ರಸ್ತೆ ಹಿಡಿದೆ. ಸೆರ್ಬೇರ್‌ಗೆ ಬರುವಷ್ಟರಲ್ಲಿ ಗಾಳಿ ಜೋರಾಗಿತ್ತು. ತಿರುವಿನ ಒಂದು ಬದಿಯಲ್ಲಿ ಬೆನ್ನಿಗೆ ಕೈ ಕೊಟ್ಟು ನೂಕುತ್ತದೆ, ಇನ್ನೊಂದು ಬದಿಯಲ್ಲಿ ಹ್ಯಾಂಡಲ್ ಕಿತ್ತುಕೊಳ್ಳುತ್ತದೆ. ಚೀಲಗಳು ಪಟದ ಹಾಗೆ ಗಾಳಿ ಹಿಡಿಯುತ್ತವೆ. ಎರಡು ಸಲ ಇಳಿದು ತಳ್ಳಿಕೊಂಡು ನಡೆದೆ.

ಸೆರ್ಬೇರ್ ಫ್ರಾನ್ಸಿನ ಕೊನೆಯ ಊರು. ಇಲ್ಲಿಂದ ಗಡಿಯ ಬೆಲಿತ್ರ್ ಕಣಿವೆ ದಾರಿ ಸುಮಾರು 165 ಮೀಟರ್ ಎತ್ತರ. ಏರು ಭಯಂಕರವೇನಲ್ಲ. ಗಾಳಿ ಇಲ್ಲದ ದಿನ ಯಾರಾದರೂ ಹತ್ತಬಹುದು. ಅವತ್ತು ಗಾಳಿಯಿತ್ತು, ಕಾಲು ಸೋತಿತ್ತು. ಹತ್ತು ನಿಮಿಷ, ಒಂದು ನಿಮಿಷ ಎಂದು ಲೆಕ್ಕ ಹಾಕಿಕೊಂಡೆ. ಸಣ್ಣ ಗಿಯರಿಗೆ ಬಿದ್ದೆ.

ಮೊದಲ ನಿಲುಗಡೆ. ಕೆಳಗೆ ರೈಲ್ವೆ ಸ್ಟೇಷನ್ನು. ಸಣ್ಣ ಊರಿಗೆ ಹೊಂದದಷ್ಟು ದೊಡ್ಡ ಯಾರ್ಡು. ಫ್ರಾನ್ಸಿನ ಹಳಿಯ ಅಗಲ 1435 ಮಿಲಿಮೀಟರ್. ಸ್ಪೇನಿನದ್ದು 1668, ಹೆಚ್ಚುಕಡಿಮೆ ನಮ್ಮ ಬ್ರಾಡ್ ಗೇಜ್. ನಮ್ಮದು 1676. ಈ ವ್ಯತ್ಯಾಸದಿಂದ ಸ್ಪೇನಿನ ಕಿತ್ತಳೆಯನ್ನೆಲ್ಲ ಇಲ್ಲಿ ಒಂದು ರೈಲಿನಿಂದ ಇನ್ನೊಂದಕ್ಕೆ ಕೈಯಲ್ಲೇ ಸಾಗಿಸಬೇಕಿತ್ತು. ಆ ಕೆಲಸ ಹೆಂಗಸರದ್ದು. ಬುಟ್ಟಿ ಹೊತ್ತ ಆ ಹೆಂಗಸರು 1906ರಲ್ಲಿ ಕೂಲಿ ಜಾಸ್ತಿ ಕೇಳಿ ಮುಷ್ಕರ ಮಾಡಿದ್ದರು. ಮೀಟರ್ ಗೇಜ್ ಕಾಲದ ನಮ್ಮ ಜಂಕ್ಷನ್ನುಗಳಲ್ಲಿ ಮೂಟೆ ಹೊತ್ತವರೂ ಇದ್ದರಲ್ವಾ, ಅವರ ಲೆಕ್ಕ ಯಾರು ಬರೆದಿಟ್ಟರು?

ಎರಡನೆಯ ನಿಲುಗಡೆ. ಹಡಗಿನ ಆಕಾರದ ಹಳೆ ಹೋಟೆಲ್ ಕಾಲ ಕೆಳಗೆ ಬಂದಿತ್ತು. ಬೆವರು ಒಂದೇ ನಿಮಿಷದಲ್ಲಿ ತಣ್ಣಗಾಗಿ ಚಳಿ ಹಿಡಿಯಿತು. ಸ್ವೆಟರ್ ಹಾಕಿಕೊಂಡೆ. ಮತ್ತೆ ಚೀಲಕ್ಕೆ ಸೇರಿಸಿ ತಂದದ್ದು ಒಳ್ಳೆಯದಾಯಿತು.

ಮೂರನೆಯ ನಿಲುಗಡೆ. ಇಲ್ಲಿ ಚೀಲದ ಭಾರ ನಿಜವಾಗಿ ಕೈಗೆ, ಬೆನ್ನಿಗೆ, ಮಂಡಿಗೆ ತಿಳಿಯಿತು. ಬಿಟ್ಟುಹೋಗು ಎಂದರೆ ಮೊದಲು ಏನು ಬಿಡುತ್ತೇನೆ ಎಂದು ಲೆಕ್ಕ ಹಾಕಿದೆ. ಪಂಪು, ಟ್ಯೂಬು, ಬಟ್ಟೆ. ಡಬ್ಬಿ ಕೊನೆಗೆ. ಮನೆಗಳನ್ನೇ ಹೊತ್ತು ಹೊರಟವರು ಆಚೆಯಿಂದ ಈ ಗುಡ್ಡ ಹತ್ತಿದ್ದರು. ಹಾಸಿಗೆ, ಹೊಲಿಗೆ ಯಂತ್ರ, ಮೇಕೆ, ಮಗು. ಜನ ಬಿಟ್ಟುಹೋದ ಸಾಮಾನು ರಸ್ತೆ ಬದಿಯಲ್ಲಿ ರಾಶಿ ಬಿದ್ದಿತ್ತು ಎಂದು ಓದುವಾಗ ಅದು ನನಗೆ ಒಂದು ಸಾಲು ಮಾತ್ರ ಆಗಿತ್ತು. ಈಗ ಒಂದೊಂದು ಸಾಮಾನನ್ನೂ ಯಾರೋ ನಿಂತು, ಯೋಚಿಸಿ, ಕೆಳಗಿಟ್ಟದ್ದು ಕಣ್ಣಿಗೆ ಕಟ್ಟಿತು.

ತುದಿಯಲ್ಲಿ ಗಡಿ. ಪಾಳುಬಿದ್ದ ತಪಾಸಣೆ ಕಟ್ಟಡ, ಗೋಡೆ ತುಂಬಾ ಗೀಚಿದ ಬಣ್ಣ. ಪಕ್ಕದಲ್ಲಿ 1939ರ ನೆನಪಿಗೊಂದು ಸ್ಮಾರಕ. ಗೇಟಿಲ್ಲ, ಕಾವಲಿಲ್ಲ. ವೀಸಾಕ್ಕೆಂದು ಸಾಲಿನಲ್ಲಿ ನಿಂತು, ಬೆರಳಚ್ಚು ಕೊಟ್ಟು, ಬ್ಯಾಂಕಿನ ಲೆಕ್ಕ ತೋರಿಸಿ ಬಂದವಳು ನಾನು. ಜೀವನದಲ್ಲಿ ಮೊದಲ ಸಲ ನನ್ನದೇ ಕಾಲಿನ ಬಲದಲ್ಲಿ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋದೆ. ಸೊಂಟದ ಚೀಲದಲ್ಲಿ ಫ್ರಾನ್ಸಿನ ವಾಸದ ಕಾರ್ಡು ಇತ್ತು. ಕೇಳುವವರು ಯಾರೂ ಇರಲಿಲ್ಲ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಗಂಟಲು ಕಟ್ಟಿ ಬಂತು ಎಂಬುದೂ ಅಷ್ಟೇ ನಿಜ.

ಇಳಿತ. ಬ್ರೇಕು ಹಿಡಿದ ಬೆರಳು ನೋಯುವಷ್ಟು ಇಳಿತ. ಕೆಳಗೆ ಪೋರ್ಟ್‌ಬೋ, ಸ್ಪೇನಿನ ಮೊದಲ ಊರು.

ಬೆನ್ಯಾಮಿನ್ ಹತ್ತು ನಿಮಿಷ, ಒಂದು ನಿಮಿಷ ಎನ್ನುತ್ತಲೇ ಗುಡ್ಡ ದಾಟಿದ್ದರು. ಪೋರ್ಟ್‌ಬೋದಲ್ಲಿ ಪೊಲೀಸರು ಕಾಗದ ನೋಡಿ, ಫ್ರಾನ್ಸ್ ಬಿಟ್ಟು ಹೊರಡಲು ಅನುಮತಿ ಇಲ್ಲ, ವಾಪಸ್ ಕಳಿಸುತ್ತೇವೆ ಎಂದರು. ಆ ರಾತ್ರಿ ಹೋಟೆಲ್ ಕೋಣೆಯಲ್ಲಿ ಅವರು ತೀರಿಕೊಂಡರು. ತಾವೇ ಜೀವ ಕಳೆದುಕೊಂಡರು ಎಂಬುದೇ ಹೆಚ್ಚಿನವರು ಒಪ್ಪುವ ಮಾತು. ಜೊತೆಗೆ ಬಂದವರನ್ನು ಮುಂದೆ ಹೋಗಲು ಬಿಟ್ಟರು. ಕಪ್ಪು ಚೀಲದಲ್ಲಿದ್ದ ಹಸ್ತಪ್ರತಿ ಇವತ್ತಿಗೂ ಸಿಕ್ಕಿಲ್ಲ.

ಊರ ಮೇಲಿನ ಸ್ಮಶಾನದ ಬಾಗಿಲಲ್ಲಿ ದಾನಿ ಕರವಾನ್ ಎಂಬ ಶಿಲ್ಪಿ 1994ರಲ್ಲಿ ಮಾಡಿದ ಸ್ಮಾರಕವಿದೆ. ತುಕ್ಕು ಬಣ್ಣದ ಉಕ್ಕಿನ ಇಕ್ಕಟ್ಟಾದ ಓಣಿ, ಮೆಟ್ಟಿಲು ಮೆಟ್ಟಿಲಾಗಿ ನೆಲದೊಳಕ್ಕೆ ಇಳಿದು ಸಮುದ್ರದ ಕಡೆ ಹೋಗುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಇಡೀ ದಿನ ಕಿವಿಯಲ್ಲಿ ಕೂಗುತ್ತಿದ್ದ ಗಾಳಿ ನಿಂತಿತು. ನನ್ನ ಹೆಜ್ಜೆ ಸದ್ದು ಉಕ್ಕಿಗೆ ತಾಗಿ ವಾಪಸ್ ಬರುತ್ತಿತ್ತು. ತುದಿಯಲ್ಲಿ ಗಾಜು. ಅದರಾಚೆ ಕೆಳಗೆ ಬಂಡೆಗೆ ಬಡಿದು ಸುತ್ತುವ ಬಿಳಿ ನೊರೆ. ಮುಂದೆ ಹೋಗುವಂತಿಲ್ಲ. ಹೆಸರಾದವರ ನೆನಪಿಗಿಂತ ಹೆಸರಿಲ್ಲದವರ ನೆನಪನ್ನು ಗೌರವಿಸುವುದು ಕಷ್ಟ ಎಂಬ ಅರ್ಥದ ಬೆನ್ಯಾಮಿನ್‌ರ ಮಾತು ಗಾಜಿನ ಮೇಲಿದೆ. ಅದರ ಮೇಲೆ ಯಾರದ್ದೋ ಅಂಗೈ ಗುರುತು, ಸಣ್ಣದು, ಮಗುವಿನದ್ದಿರಬೇಕು. ತಿರುಗಿ ನೋಡಿದರೆ ಮೇಲೆ ಒಂದು ಚೌಕದಷ್ಟು ಆಕಾಶ.

ಅಲ್ಲಿಂದ ಯಾನ್ಸಾದವರೆಗಿನ ದಾರಿ ಚೆನ್ನಾಗಿಯೇ ಇತ್ತು. ಇನ್ನೆರಡು ಏರು, ಕೊಲೇರಾ ಎಂಬ ಸಣ್ಣ ಊರು, ರಸ್ತೆ ಬದಿಯಲ್ಲಿ ಪಾಪಾಸುಕಳ್ಳಿಯ ಕೆಂಪು ಹಣ್ಣು. ನಾನು ಹೆಚ್ಚೇನೂ ನೋಡಲಿಲ್ಲ. ಯಾನ್ಸಾ ಬಂದರಿನಲ್ಲಿ ಸಮುದ್ರಕ್ಕಿಳಿದು ಉಪ್ಪು ಬೆವರನ್ನು ಉಪ್ಪು ನೀರಿನಲ್ಲಿ ತೊಳೆದುಕೊಂಡೆ. ಆಯಿಗೆ ಫೋನ್ ಮಾಡಲು ಹೊತ್ತಾಗಿತ್ತು, ಅಲ್ಲಿ ಹತ್ತೂವರೆ ದಾಟಿತ್ತು. ಮುಟ್ಟಿದೆ ಎಂದು ಮೆಸೇಜು ಹಾಕಿದೆ.

ವಾಪಸ್ ರೈಲು. ಇಡೀ ಮಧ್ಯಾಹ್ನ ಹತ್ತಿದ ಗುಡ್ಡಗಳನ್ನು ರೈಲು ಸುರಂಗದೊಳಗೆ ನುಂಗುತ್ತ ಬಂತು. ಪೋರ್ಟ್‌ಬೋದಿಂದ ಸೆರ್ಬೇರ್‌ಗೆ ಕೆಲವೇ ನಿಮಿಷ. ಕತ್ತಲು, ಆಮೇಲೆ ದೀಪ, ಫ್ರಾನ್ಸ್. 2015ರ ನವೆಂಬರಿನಿಂದ ಫ್ರಾನ್ಸ್ ತನ್ನ ಗಡಿಗಳಲ್ಲಿ ಮತ್ತೆ ತಪಾಸಣೆ ಶುರುಮಾಡಿದೆ. ಸೆರ್ಬೇರ್‌ನಲ್ಲಿ ಪೊಲೀಸರು ಹತ್ತಿದರು. ನಾನು ಕಾರ್ಡು ತೆಗೆದುಕೊಟ್ಟೆ. ಅವರು ಫೋಟೋ ನೋಡಿ, ಮುಖ ನೋಡಿ, "ಬೋನ್ ಸುವಾರೆ, ಮದಾಮ್" ಎಂದು ವಾಪಸ್ ಕೊಟ್ಟರು.

ಎರಡು ಸೀಟಿನಾಚೆ ಒಬ್ಬ ಹುಡುಗ. ಇಪ್ಪತ್ತೂ ಆಗಿರಲಿಕ್ಕಿಲ್ಲ. ಅವನು ಜೇಬು ತಡಕಿ ಮಡಚಿ ಮಡಚಿ ಮೆತ್ತಗಾದ ಒಂದು ಕಾಗದ ಕೊಟ್ಟ. ಪೊಲೀಸರು ಅದನ್ನು ಬಿಡಿಸಿ ಓದಿ ಅವನ ಜೊತೆ ಮೆತ್ತಗೆ ಏನೋ ಮಾತಾಡಿದರು. ಅವನು ಎದ್ದ. ಬೆನ್ನಿನ ಚೀಲವನ್ನು ಬೆನ್ನಿಗೆ ಹಾಕಿಕೊಳ್ಳದೆ ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ಪ್ಲಾಟ್‌ಫಾರ್ಮಿಗೆ ಇಳಿದ. ಅದರ ಒಂದು ಪಟ್ಟಿ ಹರಿದಿತ್ತು, ಹಗ್ಗ ಕಟ್ಟಿ ಸರಿಮಾಡಿದ್ದ.

ನನ್ನ ರೈಲು ಪಕ್ಕದ ಪ್ಲಾಟ್‌ಫಾರ್ಮಿನಲ್ಲಿತ್ತು. ಸೈಕಲ್ ಎತ್ತಿ ಹಾಕಿ, ಚೀಲಗಳನ್ನು ಮೇಲಿಟ್ಟು ಕಿಟಕಿ ಪಕ್ಕ ಕೂತೆ. ಬೆಂಚಿನ ಮೇಲೆ ಅವನು ಕೂತಿರುವುದು ಕಾಣುತ್ತಿತ್ತು, ಚೀಲ ಮಡಿಲಲ್ಲಿ, ಎರಡು ಕೈ ಅದರ ಮೇಲೆ. ರೈಲು ಹೊರಟಾಗ ಕಾರ್ಡು ಸೊಂಟದ ಚೀಲದಲ್ಲಿದೆಯಾ ಎಂದು ಮುಟ್ಟಿ ನೋಡಿಕೊಂಡೆ. ಜಿಪ್ಪು ಹಾಕಿತ್ತು. ಮತ್ತೊಮ್ಮೆ ನೋಡಿಕೊಂಡೆ.